ಆಯಿಲ್ ಕ್ಯಾಪ್ ಒಳಗೆ ಬಿಳಿ ಅಂಟು ಕಂಡರೆ ಮೊದಲು ಡಿಪ್‌ಸ್ಟಿಕ್ ನೋಡಿ

ಬೆಳಗಾವಿಯಲ್ಲಿ ಚಳಿ ಜಾಸ್ತಿ ಆದಾಗ ಬಹಳ ಜನ ಇದನ್ನು ಕೇಳುತ್ತಾರೆ. ಎಂಜಿನ್ ಆಯಿಲ್ ಕ್ಯಾಪ್ ತಿರುಗಿಸಿದರೆ ಒಳಗೆ ಹಳದಿ-ಬಿಳಿ ಅಂಟು, ಕಡೆದ ಮಜ್ಜಿಗೆಯಲ್ಲಿ ತೇಲುವ ಬೆಣ್ಣೆ ಹಾಗೆ. ಅಷ್ಟಕ್ಕೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಣ್ಣಗಿಡುವ ನೀರು ಆಯಿಲ್‌ಗೆ ಸೇರದಂತೆ ತಡೆಯುವ ಸೀಲ್) ಹೋಯ್ತು ಅಂತ ಗಾಬರಿ ಬೇಡ.

ಪೆಟ್ರೋಲ್, ಡೀಸೆಲ್ ಯಾವುದೇ ಉರಿದರೂ ನೀರಿನ ಆವಿ ಹುಟ್ಟುತ್ತದೆ. ಸ್ವಲ್ಪ ಆವಿ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತದೆ. ಮೇಲಿರುವ ಕ್ಯಾಪ್ ಬೇಗ ತಣ್ಣಗಾಗುವ ಜಾಗ. ಆವಿ ಅಲ್ಲಿ ಹನಿಯಾಗಿ ಆಯಿಲ್ ಜೊತೆ ಕಲೆತು ಈ ಅಂಟಾಗುತ್ತದೆ. ಟಿಳಕವಾಡಿಯಿಂದ ಖಡೇಬಜಾರ್, ಮತ್ತೆ ಮನೆ, ಇಷ್ಟೇ ಓಡಿಸಿದರೆ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ನೀರು ಹೋಗೋದು ಎಲ್ಲಿಂದ?

ಕ್ಯಾಪ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಆಯಿಲ್ ಕಂದು ಅಥವಾ ಕಪ್ಪಗಿದ್ದು, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಮಟ್ಟ ಇಳಿಯದಿದ್ದರೆ ಚಿಂತೆ ಕಡಿಮೆ. ಎನ್‌ಎಚ್ 48ರಲ್ಲಿ ಹಿರೇಬಾಗೇವಾಡಿ ಕಡೆ ಅರ್ಧ ಗಂಟೆ ಓಡಿಸಿ ಬನ್ನಿ. ಮನೆ ಮುಂದೆ ಸುಮ್ನೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಪ್ರಯೋಜನ ಇಲ್ಲ, ಪೆಟ್ರೋಲ್ ದಂಡ ಅಷ್ಟೇ.

ಆದರೆ ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದ್ದರೆ, ಕೂಲೆಂಟ್ ಪದೇ ಪದೇ ಕಡಿಮೆಯಾದರೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಗಾಡಿ ಓಡಿಸಬೇಡಿ. ಟೋ ಮಾಡಿಸಿಯೇ ಗ್ಯಾರೇಜಿಗೆ ಒಯ್ಯಿರಿ. ರೇಡಿಯೇಟರ್ ಕ್ಯಾಪನ್ನು ಬಿಸಿ ಇದ್ದಾಗ ಮುಟ್ಟಲೇಬೇಡಿ.

ಒರೆಸಿ, ದೂರ ಓಡಿಸಿದ ಮೇಲೂ ಅಂಟು ಬರ್ತಾನೇ ಇದ್ದರೆ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರಿದ ಆವಿಯನ್ನು ಹೊರಗೆಳೆಯುವ ವಾಲ್ವ್), ಅದರ ಪೈಪ್ ಕಟ್ಟಿಕೊಂಡಿದೆಯಾ ನೋಡಲು ಮೆಕ್ಯಾನಿಕ್‌ಗೆ ಹೇಳಿ.