ಔಷಧಿ ಅಂಗಡಿಯ ಕೌಂಟರಿನ ಮೇಲೆ ಕಲಿತ ಕಣ್ಕಟ್ಟು

ಕಲಬುರಗಿಯಲ್ಲಿ ಜೇಬಿನಲ್ಲಿ ಇಸ್ಪೀಟ್ ಕಟ್ಟು ಇಟ್ಟುಕೊಂಡು ಓಡಾಡುವವನನ್ನು ಜನ ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಕುಂತಿದ್ರಿ?" ಎಲ್ಲಿ ಆಡಲಿಕ್ಕೆ ಕೂತಿದ್ದೆ ಅಂತ. ಅಂದರ್-ಬಾಹರ್‌ನಲ್ಲಿ ಹೊಲ ಕಳೆದವರ ಕತೆ ನಮ್ಮ ಪ್ರತಿ ಓಣಿಯಲ್ಲೂ ಒಂದಿದೆ. ನಮ್ಮ ಮನೆಯಲ್ಲಿ ಆ ಕತೆ ಕಾಕಾನದು. ಹಾಗಾಗಿ ನಾನು ಮೊದಲ ಸಲ ಎಲೆ ಮನೆಗೆ ತಂದ ದಿನ ಅವ್ವ ಏನೂ ಅನ್ನಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. ಅವತ್ತೇ ಆಕೆಯ ಮುಂದೆ ಆಣೆ ಮಾಡಿದೆ, ದುಡ್ಡು ಹಚ್ಚಿ ಒಂದು ಆಟವನ್ನೂ ಆಡುವುದಿಲ್ಲ ಅಂತ. ಒಂಬತ್ತು ವರ್ಷವಾಯಿತು, ದೀಪಾವಳಿ ಅಮಾಸಿಗೂ ಆಡಿಲ್ಲ. ನಾನು ಕಲಿತದ್ದು ಎಲೆಯ ಕಣ್ಕಟ್ಟು, ಕೈಚಳಕದ ಜಾದೂ; ಅದನ್ನು ಕಲಿಯಬೇಕೆನ್ನುವ ಹುಡುಗರಿಗೆಲ್ಲ ಮೊದಲು ಈ ಆಣೆಯನ್ನೇ ಹೇಳುತ್ತೇನೆ. ಮೇಲಿನ ಎಲೆ ತಡೆದು ಎರಡನೆಯದನ್ನು ಹಂಚುವುದು ಬಂದವನ ಜೊತೆ ಯಾರೂ ಪಣಕ್ಕೆ ಕೂಡಬಾರದು, ಅವನಂತೂ ಕೂಡಲೇಬಾರದು.

ನಾನು ಸೂಪರ್ ಮಾರ್ಕೆಟ್ ಕಡೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮೂರಲ್ಲಿ ರಸ್ತೆ ಮೇಲೆ ನಾಯಿಯೂ ಇರುವುದಿಲ್ಲ. ಆ ಎರಡು ತಾಸು ಗಿರಾಕಿ ಬರುವುದಿಲ್ಲ. ಗಾಜಿನ ಕೌಂಟರ್ ಮೇಲೆ ಹಳೇ ಸ್ವೆಟರಿನ ತುಂಡು ಹಾಸಿ, ಫೋನನ್ನು ಸಿರಪ್ ಬಾಟಲಿಗೆ ಒರಗಿಸಿ ಇಟ್ಟು, ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕಲಿತೆ. ಗುರು ಅಂತ ಯಾರೂ ಇರಲಿಲ್ಲ.

ಎಲೆ ಕಲಸುವುದು ಕಲಿಯಲು ಕೂತಾಗಲೇ ಒಂದು ದೊಡ್ಡ ಖುಷಿ ಸಿಕ್ಕಿತು. ವಿದೇಶದ ಜಾದೂಗಾರರು 'ಹಿಂದೂ ಶಫಲ್' ಅಂತ ಒಂದನ್ನು ಕಲಿಸುತ್ತಾರೆ. ಬಲಗೈ ಕಟ್ಟನ್ನು ಹಿಡಿದಿರುತ್ತದೆ, ಎಡಗೈ ಬೆರಳುಗಳು ಮೇಲಿಂದ ಒಂದೊಂದು ಹಿಡಿ ಎಲೆ ಜಗ್ಗಿ ಅಂಗೈಗೆ ಬೀಳಿಸಿಕೊಳ್ಳುತ್ತವೆ. ನೋಡಿದ ಕೂಡಲೇ ಕಾಕಾ ಕಟ್ಟೆ ಮೇಲೆ ಕೂತದ್ದು ಕಣ್ಣಿಗೆ ಬಂತು, ಅವನು ಕಲಸುತ್ತಿದ್ದದ್ದು ಹೀಗೇ. ಎರಡು ಭಾಗ ಮಾಡಿ ಪರ್ರ್ ಅಂತ ಸೇರಿಸುವ ರಿಫಲ್ ಶಫಲನ್ನು ಚಂದ ಕಾಣುತ್ತದೆಂದು ತಿಂಗಳುಗಟ್ಟಲೆ ಕಲಿತಿದ್ದೆ. ಅದನ್ನು ಇಲ್ಲಿನವರ ಮುಂದೆ ಮಾಡಿದರೆ "ಇಂವ ಪಕ್ಕಾ ಆಟಗಾರ ಇದ್ದಾನ" ಅಂತ ಕಣ್ಣು ಸಣ್ಣ ಮಾಡಿ ನನ್ನ ಕೈಯನ್ನೇ ಕಾಯುತ್ತಾರೆ. ಕಾಕಾನ ಹಾಗೆ ಕಲಸಿದರೆ ಯಾರೂ ನೋಡುವುದೇ ಇಲ್ಲ, ಅಷ್ಟು ರೂಢಿ. ಅದರಲ್ಲಿ ತಳದ ಎಲೆ ಕೊನೆಯ ಹಿಡಿಯವರೆಗೂ ಬಲಗೈಯ ತಳದಲ್ಲೇ ಉಳಿಯುತ್ತದೆ ಅನ್ನುವುದನ್ನು ತಿಳಿದರೆ, ಒಬ್ಬರಿಗೆ ನಿಮಗೆ ಬೇಕಾದ ಎಲೆಯನ್ನೇ ಕೊಡುವ ದಾರಿ ಅಲ್ಲೇ ಇದೆ.

ಎಲೆಯ ವಿಷಯಕ್ಕೆ ಬಂದರೆ, ಜಾತ್ರೆಯಲ್ಲಿ ಸಿಗುವ ಅಗ್ಗದ ಕಟ್ಟು ಕಲಿಯಲಿಕ್ಕೆ ಸಾಲದು. ನುಣ್ಣಗಿರುತ್ತದೆ, ಒಂದಕ್ಕೊಂದು ಅಂಟಿ ನಾಲ್ಕೈದು ಎಲೆ ಒಟ್ಟಿಗೇ ಸರಿಯುತ್ತವೆ. 1885ರಿಂದ ಬರುತ್ತಿರುವ ಅಮೆರಿಕದ ಬೈಸಿಕಲ್ ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳಿವೆ. ಅಲ್ಲಿ ಗಾಳಿ ಕೂತು ಎಲೆ ಬೆಣ್ಣೆಯಂತೆ ಜಾರುತ್ತದೆ. ಹಿಂಬದಿಯ ಬಿಳಿ ಅಂಚೂ ಉಪಕಾರಿ, ನಡುವೆ ಒಂದು ಎಲೆ ತಿರುಗಿಸಿಟ್ಟರೆ ಅದು ಹೊರಗೆ ಕಾಣುವುದಿಲ್ಲ. ಕಲಿಯಲು ಒಂದು, ಆಟಕ್ಕೆ ಒಂದು, ಎರಡು ಕಟ್ಟು ಸಾಕು.

ಆದರೆ ನಮ್ಮ ಬಿಸಿಲಿಗೆ ಯಾವ ವಿಡಿಯೋದಲ್ಲೂ ಔಷಧ ಹೇಳಿರಲಿಲ್ಲ. ಬೇಸಿಗೆಯ ಒಣ ಗಾಳಿಗೆ ಬೆರಳ ತುದಿ ಕಾಗದದ ಹಾಗೆ ಆಗುತ್ತದೆ, ಎಲೆ ಹಿಡಿತಕ್ಕೇ ಸಿಗುವುದಿಲ್ಲ. ಮೊದಲ ವರ್ಷ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒಂದೇ ಮಧ್ಯಾಹ್ನಕ್ಕೆ ಹೊಸ ಕಟ್ಟು ಹಾಳು ಮಾಡಿದೆ. 52 ಎಲೆಗೂ ಎಣ್ಣೆ ಹತ್ತಿತ್ತು. ಎರಡು ಹನಿ ಗ್ಲಿಸರಿನ್ ಅಷ್ಟೇ ನೀರಿಗೆ ಬೆರೆಸಿ ಅಂಗೈಗೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ಒರೆಸಿಕೊಂಡರೆ ಬೆರಳಿಗೆ ಬೇಕಾದಷ್ಟೇ ಜಿಗುಟು ಉಳಿಯುತ್ತದೆ ಅನ್ನುವುದು ಅಂಗಡಿಯಲ್ಲೇ ಗೊತ್ತಾಯಿತು. ಈಗಲೂ ಮಾರ್ಚಿನಿಂದ ಜೂನ್ ತನಕ ನನ್ನ ಚೀಲದಲ್ಲಿ ಆ ಸಣ್ಣ ಬಾಟಲಿ ಇರುತ್ತದೆ.

ಕೈಚಳಕದಲ್ಲಿ ನಾನು ಅತಿ ಹೆಚ್ಚು ದಿನ ಕಳೆದದ್ದು ಡಬಲ್ ಲಿಫ್ಟ್ ಮೇಲೆ. ಎರಡು ಎಲೆಯನ್ನು ಒಂದೇ ಎಲೆ ಅನ್ನುವ ಹಾಗೆ ತಿರುಗಿಸಿ ತೋರಿಸುವುದು. ಹೇಳುವುದಕ್ಕೆ ಒಂದೇ ಸಾಲು, ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಮೇಲಿನ ಎರಡು ಎಲೆಯ ಕೆಳಗೆ ಕಿರುಬೆರಳ ತುದಿಯ ಮಾಂಸ ಕೂದಲೆಳೆಯಷ್ಟು ಸೇರಿರಬೇಕು. ಹೆಬ್ಬೆರಳು ಬಿಗಿಯಾಗಬಾರದು. ಬಿಗಿಯಾದರೆ ಉಗುರು ಬೆಳ್ಳಗಾಗುತ್ತದೆ, ಎದುರಿಗಿನವರು ಬಾಯಿಬಿಟ್ಟು ಹೇಳದಿದ್ದರೂ ಅವರ ಕಣ್ಣಿಗೆ ಅದು ಬಿದ್ದಿರುತ್ತದೆ.

ಕನ್ನಡಿ ಮುಂದೆ ನಿಂತು ಮಾಡಿದರೆ ಒಂದು ಸಲವೂ ತಪ್ಪು ಕಾಣುತ್ತಿರಲಿಲ್ಲ. ಫೋನಿನಲ್ಲಿ ಚಿತ್ರೀಕರಿಸಿ ನೋಡಿದರೆ ಪ್ರತಿ ಸಲವೂ ಕಾಣುತ್ತಿತ್ತು. ವಾರಗಟ್ಟಲೆ ಯಾಕೆಂದು ತಿಳಿಯಲಿಲ್ಲ. ಒಂದು ರಾತ್ರಿ ಕೈಯನ್ನು ಬಿಟ್ಟು ನನ್ನ ಮುಖವನ್ನೇ ವಿಡಿಯೋದಲ್ಲಿ ನೋಡಿದೆ. ಎರಡು ಎಲೆ ಎತ್ತುವ ಕ್ಷಣಕ್ಕೆ ಸರಿಯಾಗಿ ನಾನು ಕಣ್ಣು ಮಿಟುಕಿಸುತ್ತಿದ್ದೆ. ನನಗೇ ತಿಳಿಯದಂತೆ ನನ್ನ ಕಣ್ಣನ್ನು ನಾನೇ ಕಟ್ಟಿಕೊಂಡಿದ್ದೆ. ಅವತ್ತಿನಿಂದ ಕನ್ನಡಿ ಬಿಟ್ಟೆ.

ಕೈ ಬಂತು ಅನ್ನುವ ಧೈರ್ಯದ ಮೇಲೆ, ಎರಡನೆಯ ವರ್ಷ ಬ್ರಹ್ಮಪುರದ ಒಂದು ಮನೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಆಟ ತೋರಿಸಲು ಹೋದೆ. ವಿಡಿಯೋದವರ ಮಾತನ್ನು ಬಾಯಿಪಾಠ ಮಾಡಿದ್ದೆ, ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಕೈ ಒಂದೂ ತಪ್ಪಲಿಲ್ಲ. ಆದರೂ ಮನೆ ತಣ್ಣಗಿತ್ತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಹತ್ತಿರ ಕರೆದು ಕೇಳಿದರು: "ತಮ್ಮಾ, ಇಷ್ಟೊತ್ತು ಯಾರ ಜೋಡಿ ಮಾತಾಡ್ಲತ್ತಿದ್ದಿ?"

ಆ ಅಜ್ಜಿಯ ಪ್ರಶ್ನೆಯಷ್ಟು ನನಗೆ ಯಾರೂ ಕಲಿಸಿಲ್ಲ. ಮನೆಗೆ ಬಂದು ಆರು ತಿಂಗಳು ಹೊಸ ಆಟ ಒಂದನ್ನೂ ಕಲಿಯಲಿಲ್ಲ, ಬರೀ ಮಾತು ಬರೆದೆ, ನೋಟ್‌ಬುಕ್ಕಿನಲ್ಲಿ, ನಾನು ಅಂಗಡಿಯಲ್ಲಿ ಆಡುವ ಕನ್ನಡದಲ್ಲೇ.

ಜಾದೂಗಾರರ ಲೋಕದಲ್ಲಿ ಆಂಬಿಷಸ್ ಕಾರ್ಡ್ ಅಂತ ಒಂದು ಹಳೆಯ ಆಟವಿದೆ. ಆರಿಸಿದ ಎಲೆಯನ್ನು ನಡುವೆ ಸೇರಿಸಿದರೂ ಅದು ಮತ್ತೆ ಮತ್ತೆ ಮೇಲಕ್ಕೆ ಬರುತ್ತದೆ. ಯಾವ ಆಟವನ್ನಾದರೂ ಮೂರು ಸಲ ತೋರಿಸಿ, ಗುಟ್ಟು ಹೇಳುತ್ತೇನೆ ಅನ್ನುತ್ತಿದ್ದ ಹೆಸರಾಂತ ಜಾದೂಗಾರ ಹ್ಯಾರಿ ಹೂಡಿನಿಗೆ 1922ರಲ್ಲಿ ಶಿಕಾಗೊದಲ್ಲಿ ಇನ್ನೊಬ್ಬ ಜಾದೂಗಾರ ಡಾಯ್ ವರ್ನನ್ ಇದೇ ಬಗೆಯ ಆಟವನ್ನು ಮತ್ತೆ ಮತ್ತೆ ತೋರಿಸಿದರೂ ಹೂಡಿನಿಗೆ ಹೊಳೆಯಲಿಲ್ಲ. ಆಟ ಅಷ್ಟು ಗಟ್ಟಿ. ಆದರೆ 'ಮಹತ್ವಾಕಾಂಕ್ಷಿ ಎಲೆ' ಅಂದರೆ ನಮ್ಮ ಜನರಿಗೆ ಏನು ಬಂತು? ನಾನು ಅದನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ.

"ಈ ಆಟೀನ್ ಗುಲಾಮ ಆಳಂದದಂವ ನೋಡ್ರಿ. ಶನಿವಾರ ಸಂಜಿ ಊರಿಗಿ ಹೊಂಟಾನ. ಬಸ್ಸಿನಾಗ ಕಾಲಿಡ್ಲಕ್ಕ ಜಾಗಿಲ್ಲ. ಕಂಡಕ್ಟರ್ ಹಿಂದ ಹೋಗ್ರಿ, ಹಿಂದ ಹೋಗ್ರಿ ಅಂತಾನ." ಎಲೆಯನ್ನು ಕಟ್ಟಿನ ನಡುವೆ ತಳ್ಳುತ್ತೇನೆ, ಎಲೆ ಆರಿಸಿದವರ ಬೆರಳಿನಿಂದಲೇ ತಳ್ಳಿಸುತ್ತೇನೆ. "ಹೋದ ಪಾಪ. ಆದ್ರ ಇಂವ ಹತ್ತೂಕಿಂತ ಮದ್ಲೇ ಕಿಡಕಿದಾಗಿಂದ ಟವೆಲ್ ಒಗದಿದ್ದ." ಮೇಲಿನ ಎಲೆ ತಿರುಗಿಸಿದರೆ ಗುಲಾಮ ಅಲ್ಲೇ ಕೂತಿರುತ್ತಾನೆ, ಡ್ರೈವರ್ ಹಿಂದಿನ ಸೀಟಿನಲ್ಲಿ.

ಮೊದಲ ಸಲ ಇದನ್ನು ಗೆಳೆಯನ ಚಹಾದಂಗಡಿಯಲ್ಲಿ ಮಾಡಿದಾಗ ಜನ ನಕ್ಕ ರೀತಿ ಬೇರೆಯೇ ಇತ್ತು. ಟವೆಲ್ ಒಗೆದು ಸೀಟು ಹಿಡಿಯದವರು ಅಲ್ಲಿ ಯಾರಿದ್ದರು? ಆದರೆ ನಗುವಿಗಿಂತ ದೊಡ್ಡದೊಂದು ಅವತ್ತು ಕೈಗೆ ಸಿಕ್ಕಿತು. ಎರಡನೆಯ ಸಲ ಗುಲಾಮನನ್ನು ಹಿಂದೆ ಕಳಿಸುವ ಮೊದಲು, ಎಲೆ ಆರಿಸಿದವರನ್ನು ಸುಮ್ಮನೆ ಮಾತಿಗೆ ಕೇಳಿದೆ: "ನಿಮ್ದು ಯಾವೂರ್ ಬಸ್ಸರಿ?" "ಸೇಡಂ" ಅಂದರು ಅವರು. ಹೇಳುವಾಗ ಎಲೆ ಬಿಟ್ಟು ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದವರೆಲ್ಲ ಅವರ ಮುಖ ನೋಡಿದರು. ಆ ಒಂದು ಕ್ಷಣ ನನ್ನ ಕೈಯ ಮೇಲೆ ಒಂದು ಕಣ್ಣೂ ಇರಲಿಲ್ಲ. ಕಿರುಬೆರಳಿನ ಕೆಲಸಕ್ಕೆ ಅಷ್ಟು ಸಾಕು, ಬೇಕಾದ್ದಕ್ಕಿಂತ ಹೆಚ್ಚೇ.

ಎಂಟು ತಿಂಗಳು ನಾನು ಬಚ್ಚಿಡಲು ಹೆಣಗಿದ್ದನ್ನು 'ನಿಮ್ಮೂರು ಯಾವುದು' ಅನ್ನುವ ಪ್ರಶ್ನೆ ಬಚ್ಚಿಟ್ಟಿತು. ಅದೂ ಸುಳ್ಳು ಪ್ರಶ್ನೆಯಾದರೆ ಕೆಲಸ ಮಾಡುವುದಿಲ್ಲ. ಕೇಳುವಾಗ ನಿಜಕ್ಕೂ ಅವರ ಊರು ತಿಳಿಯುವ ಮನಸ್ಸಿರಬೇಕು, ನನ್ನ ಕಣ್ಣು ಅವರ ಕಣ್ಣಿಗೆ ಹೋಗಬೇಕು. ನಾನು ಕೈ ನೋಡಿದರೆ ಅವರೂ ಕೈ ನೋಡುತ್ತಾರೆ. ನಮ್ಮ ಹಿರಿಯರು ಇದಕ್ಕೆ ಕಣ್ಕಟ್ಟು ಅಂತ ಹೆಸರಿಟ್ಟದ್ದು ಸುಮ್ಮನಲ್ಲ. ಅಜ್ಜಿ ಕೇಳಿದ್ದೂ ಇದನ್ನೇ. ಎದುರಿಗಿರುವವರ ಜೊತೆ ಮಾತಾಡದಿದ್ದರೆ ಅವರ ಕಣ್ಣನ್ನು ಕಟ್ಟುವುದೆಲ್ಲಿಂದ?

ಅಲ್ಲಿಂದ ನನ್ನ ವೇಗವೂ ಇಳಿಯಿತು. ಅರ್ಜೆಂಟೀನಾದ ರೆನೆ ಲಾವಾಂಡ್ ಒಂಬತ್ತನೆಯ ವಯಸ್ಸಿಗೆ ಅಪಘಾತದಲ್ಲಿ ಬಲಗೈ ಕಳೆದುಕೊಂಡರು. ಎಡಗೈ ಒಂದರಲ್ಲೇ ಎಲೆಯ ಆಟ ಕಲಿತು 2015ರಲ್ಲಿ ತೀರಿಕೊಳ್ಳುವ ತನಕ ಜಗತ್ತನ್ನು ಬೆರಗಾಗಿಸಿದರು. ಇದಕ್ಕಿಂತ ನಿಧಾನವಾಗಿ ಮಾಡಲಿಕ್ಕಾಗದು ಅನ್ನುವುದು ಅವರ ಹೆಸರಾದ ಮಾತು. ಆ ಮನುಷ್ಯನ ವಿಡಿಯೋ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎರಡು ಕೈ ಇದ್ದೂ ನಾನು ಯಾಕೆ ಓಡುತ್ತಿದ್ದೆ?

ನಾಣ್ಯದ ಆಟಕ್ಕೆ ಕೌಂಟರಿಗಿಂತ ಒಳ್ಳೆಯ ಶಾಲೆ ಇಲ್ಲ. ದಿನಕ್ಕೆ ನೂರು ಸಲ ಚಿಲ್ಲರೆ ಕೊಡುತ್ತೇನೆ, ನಾಣ್ಯ ಕೊಡುವ ಕೈ ಸಹಜವಾಗಿ ಹೇಗಿರುತ್ತದೆಂದು ನೋಡಿಕೊಳ್ಳಲು ನೂರು ಅವಕಾಶ. ಸುಳ್ಳಾಗಿ ಕೊಡುವ ಕೈಯೂ ಹಾಗೇ ಇರಬೇಕು, ಅಷ್ಟೇ ಪಾಠ. ಹಳೆಯ ದಪ್ಪ 5 ರೂಪಾಯಿ 23 ಮಿಲಿಮೀಟರ್, ನನ್ನ ಅಂಗೈಗೆ ಸಣ್ಣದು. 10 ರೂಪಾಯಿಯದು 27 ಮಿಲಿಮೀಟರ್, ಹೆಬ್ಬೆರಳ ಬುಡದ ದಿಂಡಿಗೂ ಎದುರಿನ ಅಂಚಿಗೂ ನಡುವೆ ಸರಿಯಾಗಿ ಕೂಡುತ್ತದೆ. ನಮ್ಮ ಕಡೆ ಬಹಳ ದಿನ ಅದನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, "ಇದು ನಡ್ಯಂಗಿಲ್ರಿ" ಅಂತ ವಾಪಸ್ ಕೊಡುತ್ತಿದ್ದರು. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಸ್ಪಷ್ಟ ಹೇಳಿದ ಮೇಲೂ ಅನುಮಾನ ಹೋಗಲಿಲ್ಲ. ಅದನ್ನೇ ಆಟದ ಮಾತು ಮಾಡಿಕೊಂಡೆ: "ನೀವೆಲ್ಲಾರೂ ಬ್ಯಾಡ ಬ್ಯಾಡ ಅಂದ್ರ ಇದು ಎಲ್ಲಿಗಿ ಹೋಗಬೇಕ್ರಿ?" ಮುಷ್ಟಿ ಬಿಚ್ಚಿದರೆ ನಾಣ್ಯ ಇರುವುದಿಲ್ಲ.

ಈ ನಾಣ್ಯದ ಆಟವೇ ಒಂದು ದಿನ ನನ್ನನ್ನು ನಿಲ್ಲಿಸಿ ಕೇಳಿತು. ಹಳ್ಳಿಯಿಂದ ತಿಂಗಳಿಗೊಮ್ಮೆ ಬರುವ ತಾಯಿಯೊಬ್ಬರಿದ್ದರು, ಮಗನ ಮೂರ್ಛೆರೋಗದ ಗುಳಿಗೆಗೆ. ಹುಡುಗ ಅಳುತ್ತಿದ್ದ, ಸಮಾಧಾನಕ್ಕೆ ನಾಣ್ಯ ಮಾಯ ಮಾಡಿ ತೋರಿಸಿದೆ. ಹುಡುಗ ನಕ್ಕ. ತಾಯಿ ನಗಲಿಲ್ಲ. ಅಂಗಡಿ ಖಾಲಿಯಾಗುವ ತನಕ ಕಾದು, ದನಿ ಇಳಿಸಿ ಅಂದರು: "ನಿಮ್ಮ ಬಲ್ಲಿ ವಿದ್ಯಾ ಅದ. ಇವಗ ಯಾರ್ ಮಾಡಿಸ್ಯಾರ, ಅಷ್ಟ್ ಹೇಳ್ರಿ. ಈ ಗುಳಗಿ ಬಿಡಿಸ್ತೀನಿ."

ನನ್ನ ಕೈ ತಣ್ಣಗಾಯಿತು. ಗುಟ್ಟು ಬಿಡಬಾರದು ಅನ್ನುವುದು ಈ ಕಲೆಯ ಮೊದಲ ನಿಯಮ, ನಾನೂ ಅದನ್ನು ನಂಬಿದವನು. ಅವತ್ತು ಮುರಿದೆ. ಆ ತಾಯಿಯ ಕೈಯನ್ನು ಕೌಂಟರ್ ಮೇಲೆ ಇಡಿಸಿ, ಅವರ ಬೆರಳ ಬುಡದಲ್ಲೇ ನಾಣ್ಯ ಇಟ್ಟು, ಎಲ್ಲಿ ಅಡಗುತ್ತದೆಂದು ತೋರಿಸಿದೆ, ನಾಲ್ಕು ಸಲ. ಐದನೆಯ ಸಲ ಅವರೇ ಮಾಡಿ ಮಗನಿಗೆ ತೋರಿಸಿದರು. "ಇಷ್ಟೇ ಏನ್ರಿ?" "ಇಷ್ಟೇರಿ. ಇದು ಕೈ ವಿದ್ಯಾ. ಮಂತ್ರ ಅಲ್ಲ. ಗುಳಗಿ ಮಾತ್ರ ಒಂದ್ ದಿನಾನೂ ಬಿಡಿಸಬ್ಯಾಡ್ರಿ, ಡಾಕ್ಟರ್ ಹೇಳೂ ತನಕ." ಮುಂದಿನ ತಿಂಗಳು ಅವರು ಚೀಟಿ ಹಿಡಿದು ಬಂದಾಗ ನನಗಾದ ನಿರಾಳ ಯಾವ ಚಪ್ಪಾಳೆಗೂ ಆಗಿಲ್ಲ. ಅಲ್ಲಿಂದ ಆಟ ಶುರು ಮಾಡುವ ಮೊದಲೇ ಹೇಳುತ್ತೇನೆ: "ನನಗ ಯಾವ ಮಂತ್ರಾನೂ ಬರಂಗಿಲ್ಲ. ಇದು ಒಂಬತ್ ವರ್ಷದ ರೂಢಿ." ಹೀಗೆ ಹೇಳಿದರೆ ಬೆರಗು ಕಡಿಮೆಯಾಗುತ್ತದೆಂದು ಹೆದರಿದ್ದೆ, ಆಗಲಿಲ್ಲ.

ಈಗ ನನ್ನ ತಲೆಯಲ್ಲಿರುವುದು ಮಕ್ಕಳ ವಿಷಯ. ವಿಡಿಯೋಗಳಲ್ಲಿ ನೋಡುವವರು ಮೇಜಿನಾಚೆ ಕುರ್ಚಿಯಲ್ಲಿ ಸಾಲಾಗಿ ಕೂತಿರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಕೆರೆಯ ದಂಡೆ ಕಡೆ ನಿಂತು ಎಲೆ ತೆಗೆದರೆ ಎರಡು ನಿಮಿಷಕ್ಕೆ ಸುತ್ತಲೂ ಗುಂಪು, ಬೆನ್ನ ಹಿಂದೂ ಜನ. ಹಿಂದಿನವರಿಗೆ ಮೈ ಅಡ್ಡ ಮಾಡಬಹುದು. ಆದರೆ ಮಕ್ಕಳು ದೊಡ್ಡವರ ಕಾಲ ಸಂದಿಯಿಂದ ತೂರಿ ಬಂದು ಕೆಳಗಿಂದ ನೋಡುತ್ತಾರೆ. ಹೋದ ವರ್ಷ ಆರು ವರ್ಷದ ಒಬ್ಬಳು ಎಲ್ಲರಿಗೂ ಕೇಳುವಂತೆ "ಮಾಮಾ, ನಿಮ್ಮ ಸಣ್ಣ ಬಳ್ಳು ಒಳಗ ಅದ" ಅಂದಳು. ಅವಳು ಹೇಳಿದ್ದು ಖರೇನೇ ಇತ್ತು. ಅವಳ ಎತ್ತರಕ್ಕೆ ನನ್ನ ಕಿರುಬೆರಳು ಪೂರ್ತಿ ಬಯಲು. ಅವಳ ಕಣ್ಣು ಇಡೀ ಗುಂಪಿನಲ್ಲೇ ಚುರುಕಾಗಿತ್ತೆಂದು ಎಲ್ಲರ ಮುಂದೆ ಹೇಳಿ, ಎಲೆ ಅವಳ ಕೈಗೇ ಕೊಟ್ಟೆ.

ಕಿರುಬೆರಳೇ ಬೇಡದ ಬೇರೆ ದಾರಿಯನ್ನು ಈಗ ರೂಢಿ ಮಾಡುತ್ತಿದ್ದೇನೆ, ಹೆಬ್ಬೆರಳಿಂದ ಅಂಚು ಎಣಿಸುವುದು. ನಾಲ್ಕು ತಿಂಗಳಾಯಿತು, ಹತ್ತಕ್ಕೆ ಏಳು ಸಲ ಬರುತ್ತದೆ. ಅದು ಹತ್ತಕ್ಕೆ ಹತ್ತು ಆಗುವ ತನಕ ಮಕ್ಕಳಿದ್ದ ಕಡೆ ಸ್ವೆಟರಿನ ತುಂಡು ನೆಲಕ್ಕೆ ಹಾಸಿ, ಅವರ ಜೊತೆ ನಾನೂ ಕೆಳಗೆ ಕೂಡುತ್ತೇನೆ. ದೊಡ್ಡವರೇ ಬಗ್ಗಿ ನೋಡುತ್ತಾರೆ.