ಕಿಡ್ನಿ ತೊಂದರೆ ಇರೋರಿಗೆ ಆಲೂಗಡ್ಡೆ ಬೇಯಿಸೋದು ಹೇಗೆ

ಹಾಸನದ ಕಡೆಯೋರಿಗೆ ಆಲೂಗಡ್ಡೆ ಬಿಡಿ ಅಂದ್ರೆ ಊಟವೇ ಬಿಡಿ ಅಂದಂಗೆ. ನಮ್ಮ ದೊಡ್ಡಪ್ಪಂಗೆ ರಕ್ತದಲ್ಲಿ ಪೊಟ್ಯಾಶಿಯಂ (ಆಲೂಗಡ್ಡೇಲಿ ಜಾಸ್ತಿ ಇರೋ ಒಂದು ಖನಿಜ) 3.5ರಿಂದ 5ರೊಳಗೆ ಇರ್ಬೇಕಾದ್ದು 5.9 ಬಂದಿತ್ತು. ದೊಡ್ಡಮ್ಮ ಇಡೀ ಗಡ್ಡೆನ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಕುಕ್ಕರಲ್ಲಿ ಮೂರು ವಿಷಲ್ ಕೂಗಿಸಿ, ಬೆಂದ ನೀರನ್ನೂ ಸೇರಿಸಿ ಹುಳಿ ಮಾಡ್ತಿದ್ರು. ಅಷ್ಟು ಕಷ್ಟಪಟ್ಟೂ ಪೊಟ್ಯಾಶಿಯಂ ಪೂರ್ತಿ ತಟ್ಟೆಗೇ ಬರ್ತಿತ್ತು. ಕಿಡ್ನಿ ಅದನ್ನ ಹೊರಗೆ ಹಾಕ್ದೇ ಇದ್ರೆ ಹೃದಯದ ಬಡಿತವೇ ತಪ್ಪುತ್ತೆ, ಎಷ್ಟೋ ಸಲ ಮುಂಚೆ ಏನೂ ಗೊತ್ತಾಗಲ್ಲ.

ಮೊದಲು ಸಿಪ್ಪೆ ತೆಗೆದು ತೊಳೀರಿ.

ಆಮೇಲೆ ಹೆಚ್ಚೋದು, ಎಲ್ಲರೂ ಎಡವೋದು ಇಲ್ಲೇ. ಚಿಪ್ಸಿಗೆ ಹೆಚ್ಚೋ ಹಾಗೆ ತೆಳ್ಳಗೆ ಬಿಲ್ಲೆ ಮಾಡಿ, ತುರಿದ್ರೆ ಇನ್ನೂ ಒಳ್ಳೇದು. ಪೊಟ್ಯಾಶಿಯಂ ಗಡ್ಡೆಯ ಜೀವಕೋಶದ ಒಳಗಿರುತ್ತೆ, ತಣ್ಣೀರಲ್ಲಿ ಎಷ್ಟು ಹೊತ್ತು ನೆನೆಸಿದ್ರೂ ಹೆಚ್ಚೇನೂ ಹೊರಗೆ ಬರಲ್ಲ, ಬೇಯೋ ಬಿಸಿಗೆ ಕೋಶ ಒಡೆದಾಗ್ಲೇ ಅದು ನೀರಿಗೆ ಇಳಿಯೋದು. ಹಾಗಾಗಿ ದೊಡ್ಡ ಪಾತ್ರೇಲಿ ಧಾರಾಳ ನೀರು ಕುದಿಸಿ ಹೋಳು ಹಾಕಿ, ಹತ್ತು ನಿಮಿಷಕ್ಕೆ ನೀರು ಪೂರ್ತಿ ಬಸಿದು ಚೆಲ್ಲಿ, ಬೇರೆ ಬಿಸಿನೀರು ಹಾಕಿ ಮೆತ್ತಗಾಗೋವರೆಗೂ ಬೇಯಿಸಿ, ಅದನ್ನೂ ಚೆಲ್ಲಿ. ಸಣ್ಣ ಹೋಳು ಮಾಡಿ ಬೇಯಿಸಿದ್ರೆ ಸುಮಾರು ಅರ್ಧ ಹೋಗುತ್ತೆ, ತುರಿದ್ರೆ ಅದಕ್ಕಿಂತ ಜಾಸ್ತಿ. ಕುಕ್ಕರ್ ಬೇಡ, ಅದರಲ್ಲಿ ಹಾಕೋ ನೀರೇ ಕಮ್ಮಿ.

ಚೆಲ್ಲೋಕೆ ಮನಸ್ಸು ಬರಲ್ಲ ಅಂತ ಗೊತ್ತು, ನಾವು ಬಸ್ಸಾರಿನ ಜನ. ಸೊಪ್ಪು ಬಸಿದ ಕಟ್ಟಲ್ಲೂ ಇದೇ ಪೊಟ್ಯಾಶಿಯಂ ಇಳಿದಿರುತ್ತೆ, ಹಾಗಾಗಿ ಪಥ್ಯದೋರಿಗೆ ಬಸ್ಸಾರು ಬಡಿಸ್ಲೇಬೇಡಿ, ಪಲ್ಯ ಸ್ವಲ್ಪ ಕೊಡಿ. ಕಿಡ್ನಿ ಚೆನ್ನಾಗಿರೋರು ಮಾತ್ರ ಹೀಗೆಲ್ಲ ಚೆಲ್ಲಬೇಡಿ, ಬಿಪಿ ಹತೋಟೀಲಿರೋಕೆ ಪೊಟ್ಯಾಶಿಯಂ ಬೇಕು, ದೊಡ್ಡೋರಿಗೆ ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

ಬಿಪಿಗೆ ಒಳ್ಳೇದು ಅಂತ ಮಾರೋ ಕಮ್ಮಿ ಸೋಡಿಯಂ ಉಪ್ಪನ್ನ ಇಂಥ ಮನೆಗೆ ತರಲೇಬೇಡಿ, ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿರ್ತಾರೆ. ಕಾಯಿಲೆಯೋರನ್ನ ನೋಡೋಕೆ ಹೋಗೋರು ಅರಸೀಕೆರೆ ಎಳನೀರು ಹೊತ್ಕೊಂಡು ಹೋಗ್ತೀರಲ್ಲ, ಅದೂ ಬೇಡ, ಎಳನೀರಲ್ಲಿ ಪೊಟ್ಯಾಶಿಯಂ ತುಂಬಾ ಇರುತ್ತೆ. ಬಿಪಿ ಮಾತ್ರೆಗಳಲ್ಲೂ ಕೆಲವು ಅದನ್ನ ಏರಿಸ್ತವೆ, ನೀವಾಗೇ ನಿಲ್ಲಿಸ್ಬೇಡಿ, ಚೀಟಿ ತಗೊಂಡು ಹೋಗಿ ಡಾಕ್ಟರನ್ನೇ ಕೇಳಿ.

ಬಸಿದ ಗಡ್ಡೆಗೆ ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕೊನೇಲಿ ಚೂರು ನಿಂಬೆಹುಳಿ ಹಿಂಡಿ. ಎರಡು ನೀರು ಚೆಲ್ಲಿದ್ರೂ ಪೊಟ್ಯಾಶಿಯಂ ಪೂರ್ತಿ ಹೋಗಿರಲ್ಲ, ದೊಡ್ಡಪ್ಪಂಗೆ ಈಗ ಒಂದು ಸಣ್ಣ ಬಟ್ಟಲು, ಅದೂ ಡಾಕ್ಟರ್ ಹೇಳಿದ ದಿನಕ್ಕೆ ಮಾತ್ರ.