ಮೂಲೆ ಹಿಡಿದವರು ಶೇಂಗಾ ಸುಲಿದ ಕಥೆ

ಕೊಪ್ಪಳ ಜಿಲ್ಲೆಯ ಒಂದು ಆರೈಕೆ ಕೇಂದ್ರದಲ್ಲಿ ನಾನು ನರ್ಸ್. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವ ಮೂವತ್ತು ಚಿಲ್ಲರೆ ಜನ ಇಲ್ಲಿದ್ದಾರೆ. ಹನ್ನೆರಡು ಮಂದಿ ಸದಾ ಮೂಲೆ ಹಿಡಿದವರು. "ಅದು ನೆಗೆಟಿವ್ ಸಿಂಪ್ಟಮ್ ಸಿಸ್ಟರ್, ಬಿಡ್ರಿ" ಎಂದೇ ಎಲ್ಲರೂ ಹೇಳುತ್ತಿದ್ದರು, ಅಂದರೆ ಉತ್ಸಾಹ, ಮಾತು ಕುಗ್ಗುವುದು ಆ ರೋಗದ್ದೇ ಲಕ್ಷಣ ಅಂತ. ನನಗೆ ಮಾತ್ರ ಅದು ಅವರ ಒಳಗಿನ ದುಃಖ, ಖಿನ್ನತೆ ಅನಿಸುತ್ತಿತ್ತು.

ಮೊದಲು ದುಡ್ಡು ಹೋಯಿತು. ಹದಿನೆಂಟು ಸಾವಿರದ ಟಿವಿ ತಂದೆವು, ಅದರ ಮುಂದೆಯೇ ನಿದ್ದೆ ಹೋದರು. ಯೋಗ ಹೇಳಿಕೊಡುವವರಿಗೆ ನಾಲ್ಕು ತಿಂಗಳು ಮೂರು ಮೂರು ಸಾವಿರ ಕೊಟ್ಟೆವು. ಬಂದವರು ಇಬ್ಬರೇ.

ಆಮೇಲೆ ಸ್ಕಿಜೋಫ್ರೇನಿಯಾ ಇರುವವರ ಖಿನ್ನತೆ ಅಳೆಯುವ ಕ್ಯಾಲ್ಗರಿ ಸ್ಕೇಲ್ ಹಿಡಿದೆ. ಎಂಟು ಪ್ರಶ್ನೆ, ಒಂಬತ್ತನೆಯದು ನಾವು ನೋಡಿ ಹಾಕುವ ಅಂಕ. "ಖಿನ್ನತೆ ಇದೆಯೇ?" ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದೆ. ಎಲ್ಲರೂ "ಇಲ್ರೀ" ಅಂದರು. ಮರುವಾರ "ಜೀವಕ್ಕ ಬ್ಯಾಸರ ಆಗೇತೇನ್ರಿ?" ಅಂದೆ. ವರ್ಷದಿಂದ ಬಾಯಿ ಬಿಡದ ಒಬ್ಬರು, "ಬೆಳಗಾಗೋದs ಬ್ಯಾಡ ಅನಸ್ತೈತ್ರಿ ಅಕ್ಕಾರ" ಅಂದರು. ನನ್ನ ಕಣ್ಣು ತುಂಬಿತು. ಸಾಯುವ ಯೋಚನೆಯ ಪ್ರಶ್ನೆ ಬಿಡಿ ಎಂದು ಸಿಬ್ಬಂದಿ ಹೆದರಿದರು. ನಾನು ಬಿಡಲಿಲ್ಲ, ಉತ್ತರ ಅವತ್ತೇ ಡಾಕ್ಟರಿಗೆ ಮುಟ್ಟಿಸಿದೆ. ಹನ್ನೆರಡರಲ್ಲಿ ಏಳು ಜನರ ಅಂಕ 6 ದಾಟಿತ್ತು, ಅಂದರೆ ಖಿನ್ನತೆ ಇರುವ ಸಾಧ್ಯತೆ ಹೆಚ್ಚು.

ನಡುವೆ ಕಿನ್ನಾಳದ ಬೊಂಬೆ ನೋಡಿ ಮರದ ತುಂಡಿಗೆ ಬಣ್ಣ ಹಚ್ಚಿಸಿದೆ. ಅದು ಕೆಟ್ಟಿತು. ಆದರೆ ಮೂವರ ಕೈ ನಡುಗುವುದು, ಮುಖ ಬಿಗಿಯಾಗಿರುವುದು ಅಲ್ಲೇ ಕಂಡಿದ್ದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಮಾತ್ರೆಯ ಅಡ್ಡಪರಿಣಾಮ ಅದು. ಡಾಕ್ಟರು ಡೋಸ್ ಇಳಿಸಿದರು, ಆ ಮೂವರು ತಿಂಗಳಲ್ಲಿ ಮುಖ ಎತ್ತಿದರು. ಇಬ್ಬರಿಗೆ ಖಿನ್ನತೆಯ ಔಷಧಿ ಸರ್ಟ್ರಲಿನ್ ಶುರುವಾಯಿತು.

ಹೆಚ್ಚಿನವರಿಗೆ ಹಿಡಿಸಿದ್ದು ಶೇಂಗಾ. ಎರಡು ಸಾವಿರದಷ್ಟು ಕೊಟ್ಟು ಒಂದು ಚೀಲ ತಂದೆ. ಸುಲಿದ ಕಾಳು ಅಡುಗೆಮನೆಗೆ, ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ). ಕೂತಷ್ಟು ಹೊತ್ತಿಗೆ ಕೂಲಿ, ಅವತ್ತೇ ಕೈಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಲವಂತ ಬೇಡ, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಿ ಅನ್ನುತ್ತದೆ, ಅಲ್ವಾ? ಮೊದಲ ದಿನ ಇಬ್ಬರು, ಹತ್ತು ನಿಮಿಷ. ಬೆಳಗ್ಗೆ ಅವರಿಗೆ ಮನಸ್ಸು ಜಾಸ್ತಿ ಭಾರ, ಅದಕ್ಕೆ ಹನ್ನೊಂದಕ್ಕೆ ಸರಿಸಿದೆ. ಆರು ಜನ ಆದರು, ಒಂಬತ್ತು ಆದರು. ಯಾರ ಪಕ್ಕ ಯಾರನ್ನು ಕೂರಿಸಬೇಕು ಅನ್ನುವುದು ನನ್ನ ಗುಟ್ಟು, ಅದನ್ನು ಬರೆಯುವುದಿಲ್ಲ.

"ಬೆಳಗಾಗೋದs ಬ್ಯಾಡ" ಅಂದವರ ಅಂಕ ಮೂರು ತಿಂಗಳಲ್ಲಿ 13ರಿಂದ 5ಕ್ಕೆ ಬಂತು. ಒಬ್ಬ ತಾಯಿ ಮಾತ್ರ ಇನ್ನೂ ಗೋಡೆ ಕಡೆಗೇ ಮುಖ. ದಿನಾ ಅವರ ಪಕ್ಕ ಹಿಡಿ ಶೇಂಗಾ ಇಟ್ಟು ಬರುತ್ತೇನೆ. ಹೋದ ವಾರ ಎರಡು ಸುಲಿದಿದ್ದರು.